ಸ್ತನ ಕ್ಯಾನ್ಸರ್ ವಿಕಿರಣ ಚಿಕಿತ್ಸೆಯಲ್ಲಿ ಆಯಾಸ ಮತ್ತು ಅದರ ನಿರ್ವಹಣೆ

ಸ್ತನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆಯುವವರಲ್ಲಿ, ಚರ್ಮ ಕೆಂಪಾಗುವುದನ್ನು ಬಿಟ್ಟರೆ, ಅತಿ ಹೆಚ್ಚಾಗಿ ಕಾಣಿಸುವ ಅಡ್ಡಪರಿಣಾಮ ಆಯಾಸ. ಕೆಲಸಕ್ಕೆ ತಕ್ಕಂತೆ ಬಂದು, ಒಂದು ರಾತ್ರಿ ಚೆನ್ನಾಗಿ ಮಲಗಿ ಎದ್ದರೆ ಹೋಗುವ ದಣಿವು ಇದಲ್ಲ. ಮಾಡಿದ ಕೆಲಸಕ್ಕೂ ಆದ ಸುಸ್ತಿಗೂ ತಾಳೆಯಾಗದಿರುವುದು, ವಿಶ್ರಾಂತಿಯಿಂದ ಪೂರ್ತಿ ನೀಗದಿರುವುದು, ಮೈಯನ್ನಷ್ಟೇ ಅಲ್ಲದೆ ಮನಸ್ಸನ್ನೂ ನೆನಪನ್ನೂ ಕುಗ್ಗಿಸುವುದು ಇದರ ಗುರುತುಗಳು. ವೈದ್ಯಶಾಸ್ತ್ರ ಇದನ್ನು ಕ್ಯಾನ್ಸರ್ ಸಂಬಂಧಿ ಆಯಾಸ ಎಂಬ ಪ್ರತ್ಯೇಕ ತೊಂದರೆಯಾಗಿ ಗುರುತಿಸಿದೆ. ಅಳೆಯುವ ವಿಧಾನಗಳಿವೆ, ತಗ್ಗಿಸುವ ದಾರಿಗಳೂ ಇವೆ. ಬಹುಪಾಲು ಮಹಿಳೆಯರಲ್ಲಿ ಚಿಕಿತ್ಸೆ ಮುಗಿದ ಕೆಲವು ವಾರಗಳಿಂದ ಮೂರು ತಿಂಗಳ ಒಳಗೆ ಇದು ಇಳಿಯುತ್ತದೆ. ಕೆಲವರಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಆದರೆ ‘ಕ್ಯಾನ್ಸರ್ ಅಂದಮೇಲೆ ಸುಸ್ತು ಇದ್ದದ್ದೇ’ ಎಂದು ರೋಗಿಯೂ ಮನೆಯವರೂ ಸುಮ್ಮನಾಗಿಬಿಡುವುದರಿಂದ, ವೈದ್ಯರ ಕಿವಿಗೆ ಬೀಳದೆಯೇ ಉಳಿದುಹೋಗುವ ತೊಂದರೆಗಳಲ್ಲಿ ಇದೂ ಒಂದಾಗಿದೆ.

ಚಿಕಿತ್ಸೆಯ ಹಿನ್ನೆಲೆ

ಸ್ತನ ಕ್ಯಾನ್ಸರ್ ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಮಂದಿಯಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಅಪರೂಪಕ್ಕೆ ಗಂಡಸರಿಗೂ ಬರುತ್ತದೆ. ಗಡ್ಡೆಯನ್ನಷ್ಟೇ ತೆಗೆದು ಸ್ತನವನ್ನು ಉಳಿಸುವ ಶಸ್ತ್ರಚಿಕಿತ್ಸೆಯ ನಂತರ ಬಹುತೇಕ ಎಲ್ಲರಿಗೂ, ಸ್ತನವನ್ನು ಪೂರ್ತಿ ತೆಗೆದ ಮೇಲೆ ರೋಗದ ಹಂತವನ್ನು ನೋಡಿಕೊಂಡು ಕೆಲವರಿಗೆ, ವಿಕಿರಣ ಚಿಕಿತ್ಸೆ ಕೊಡುತ್ತಾರೆ. ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ನಾಶ ಮಾಡುವುದು ಇದರ ಉದ್ದೇಶ. ಕರ್ನಾಟಕದ ಆಸ್ಪತ್ರೆಗಳಲ್ಲಿ ರೋಗಿಗಳು ಇದನ್ನು ‘ಕರೆಂಟ್ ಕೊಡುವುದು’ ಎಂದೇ ಕರೆಯುತ್ತಾರೆ.

ಸ್ತನ ಉಳಿಸುವ ಶಸ್ತ್ರಚಿಕಿತ್ಸೆಯಾದ 10 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಈ ಚಿಕಿತ್ಸೆಯ ಬೆಲೆಯನ್ನು ತೋರಿಸಿತು. ಹತ್ತು ವರ್ಷದೊಳಗೆ ರೋಗ ಮರುಕಳಿಸುವ ಪ್ರಮಾಣ ವಿಕಿರಣ ಪಡೆಯದವರಲ್ಲಿ ಶೇ. 35 ಇದ್ದರೆ, ಪಡೆದವರಲ್ಲಿ ಶೇ. 19ಕ್ಕೆ ಇಳಿದಿತ್ತು. ಸುಸ್ತು ತಡೆಯಲಾಗದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು, ದಿನ ತಪ್ಪಿಸುವುದು ಏಕೆ ಅಪಾಯವೆಂಬುದು ಈ ಅಂಕಿಗಳಿಂದ ಅರ್ಥವಾಗುತ್ತದೆ. ಆಯಾಸವನ್ನು ಹತೋಟಿಯಲ್ಲಿಡುವುದೆಂದರೆ ರೋಗಿಗೆ ಆರಾಮ ಕೊಡುವುದಷ್ಟೇ ಅಲ್ಲ, ಚಿಕಿತ್ಸೆ ಪೂರ್ಣಗೊಳ್ಳುವಂತೆ ನೋಡಿಕೊಳ್ಳುವುದೂ ಹೌದು.

ಚಿಕಿತ್ಸೆ ವಾರಕ್ಕೆ ಐದು ದಿನ ನಡೆಯುತ್ತದೆ. ಹಿಂದೆ 50 ಗ್ರೇ (ವಿಕಿರಣ ಪ್ರಮಾಣದ ಅಳತೆ) ವಿಕಿರಣವನ್ನು 25 ಕಂತುಗಳಲ್ಲಿ, ಐದು ವಾರಗಳ ಕಾಲ ಕೊಡುವುದು ರೂಢಿಯಲ್ಲಿತ್ತು. ಬ್ರಿಟನ್ ಮತ್ತು ಕೆನಡಾದ ದೊಡ್ಡ ಅಧ್ಯಯನಗಳ ನಂತರ 40 ಗ್ರೇಯನ್ನು 15 ಕಂತುಗಳಲ್ಲಿ ಮೂರು ವಾರಕ್ಕೆ ಮುಗಿಸುವ ಕ್ರಮ ಹರಡಿತು. 26 ಗ್ರೇಯನ್ನು ಐದೇ ಕಂತುಗಳಲ್ಲಿ ಒಂದು ವಾರದೊಳಗೆ ಕೊಡುವ ಬ್ರಿಟನ್ನಿನ ಇನ್ನೊಂದು ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಗಡ್ಡೆಯಿದ್ದ ಜಾಗಕ್ಕೆ ಮಾತ್ರ ‘ಬೂಸ್ಟ್’ ಎಂಬ ಹೆಚ್ಚುವರಿ ಕಂತುಗಳನ್ನು ಕೆಲವರಿಗೆ ಸೇರಿಸುತ್ತಾರೆ. ಕಂತುಗಳು ಕಡಿಮೆಯಾದರೆ ಓಡಾಟವೂ ಕಡಿಮೆ. ಅಮೆರಿಕದಲ್ಲಿ 287 ಮಹಿಳೆಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ಕಂತುಗಳ ಚಿಕಿತ್ಸೆ ಪಡೆದವರಿಗೆ ಆರು ತಿಂಗಳ ನಂತರ ನಿಶ್ಶಕ್ತಿಯೂ ಕಡಿಮೆಯಿತ್ತು, ಮನೆಯವರ ಅಗತ್ಯಗಳನ್ನು ನೋಡಿಕೊಳ್ಳಲು ಆಗುತ್ತಿಲ್ಲವೆಂಬ ಕೊರಗೂ ಕಡಿಮೆಯಿತ್ತು.

ಒಂದು ದಿನದ ಚಿಕಿತ್ಸೆ ಹೊರಗಿನಿಂದ ನೋಡಿದರೆ ಸಣ್ಣ ಕೆಲಸ. ರೋಗಿ ಆಸ್ಪತ್ರೆಯ ಗೌನ್ ತೊಟ್ಟು, ಇಳಿಜಾರಾದ ಹಲಗೆಯ ಮೇಲೆ ಮಲಗಿ, ತೋಳನ್ನು ತಲೆಯ ಮೇಲಕ್ಕೆ ಚಾಚಿ ಹಿಡಿಕೆಯನ್ನು ಹಿಡಿಯುತ್ತಾರೆ. ಮೊದಲೇ ಮೈಮೇಲೆ ಇಟ್ಟ ಗುರುತಿನ ಚುಕ್ಕಿಗಳಿಗೆ ತಂತ್ರಜ್ಞರು ಬೆಳಕಿನ ಗೆರೆಗಳನ್ನು ಹೊಂದಿಸಿ ಹೊರಗೆ ಹೋಗುತ್ತಾರೆ. ಎಡಸ್ತನದ ಚಿಕಿತ್ಸೆಯಾದರೆ ಹೃದಯಕ್ಕೆ ತಗಲುವ ವಿಕಿರಣ ಕಡಿಮೆಯಾಗಲೆಂದು ಉಸಿರನ್ನು ಆಳವಾಗಿ ಎಳೆದು ಹಿಡಿಯಲು ಹೇಳಬಹುದು. ಯಂತ್ರ ಕಿರಣ ಸೂಸುವುದು ಕೆಲವೇ ನಿಮಿಷ. ಭಂಗಿಯನ್ನು ಸರಿಹೊಂದಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ನೋವಾಗಲಿ ಬಿಸಿಯಾಗಲಿ ಗೊತ್ತಾಗುವುದಿಲ್ಲ. ಮೊದಲ ದಿನಗಳಲ್ಲಿ ‘ಇಷ್ಟೇನಾ’ ಅನ್ನಿಸುವುದು ಸಹಜ. ಸುಸ್ತು ಮೆಲ್ಲಗೆ, ಆಮೇಲೆ ಬರುತ್ತದೆ.

ಲಕ್ಷಣಗಳು

ಮೈಗೆ ಸಂಬಂಧಿಸಿದ ಲಕ್ಷಣಗಳು ಮೊದಲು ಅರಿವಿಗೆ ಬರುತ್ತವೆ. ಕೈಕಾಲು ಭಾರವೆನಿಸುತ್ತದೆ. ತಲೆ ಬಾಚಿಕೊಳ್ಳುವುದು, ಬಟ್ಟೆ ಹಿಂಡುವುದು, ಒಂದು ಮಹಡಿ ಹತ್ತುವುದು ದೊಡ್ಡ ಕೆಲಸವಾಗುತ್ತದೆ. ಮಲಗಿ ಎದ್ದರೂ ಮಲಗಿದ್ದೆನೆಂಬ ಭಾವ ಬರುವುದಿಲ್ಲ. ಮನಸ್ಸಿನ ಲಕ್ಷಣಗಳನ್ನು ಗುರುತಿಸುವುದು ಕಷ್ಟ. ಓದಿದ ಸಾಲನ್ನೇ ಮತ್ತೆ ಓದಬೇಕಾಗುವುದು, ಅಡುಗೆಮನೆಗೆ ಹೋಗಿ ಏಕೆ ಬಂದೆನೆಂದು ಮರೆಯುವುದು, ಮಾತಿನ ನಡುವೆ ಪದ ಸಿಗದಿರುವುದು ಗಮನ ಕುಂದಿರುವುದರ ಚಿಹ್ನೆಗಳು. ಫೋನ್ ಬಂದರೆ ಎತ್ತಲು ಬೇಸರ, ಮಕ್ಕಳ ಮೇಲೆ ಸಿಡುಕು, ಇಷ್ಟಪಟ್ಟು ಮಾಡುತ್ತಿದ್ದ ಕೆಲಸದಲ್ಲೂ ನಿರಾಸಕ್ತಿ ಇದರ ಇನ್ನೊಂದು ಮುಖ.

ಇವು ಹೊರಗಿನವರಿಗೆ ಕಾಣುವುದಿಲ್ಲ. ಕೀಮೋಥೆರಪಿಯಲ್ಲಿ ಕೂದಲು ಉದುರಿದಾಗ ಸಿಗುವ ಅನುಕಂಪ, ಕೂದಲು ಮತ್ತೆ ಚಿಗುರುತ್ತಿರುವ ವಿಕಿರಣದ ಹೊತ್ತಿಗೆ ಕರಗಿರುತ್ತದೆ. ‘ದೊಡ್ಡ ಚಿಕಿತ್ಸೆಯೆಲ್ಲ ಮುಗಿಯಿತಲ್ಲ, ಇನ್ನೇನು’ ಎಂಬ ಮಾತು ಕೇಳಬೇಕಾಗುತ್ತದೆ. ತಾನೇ ಸೋಮಾರಿಯಾದೆನೇನೋ ಎಂದು ಅನೇಕ ಮಹಿಳೆಯರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಏರಿಳಿತದ ಕ್ರಮ

ಆಯಾಸ ಸಾಮಾನ್ಯವಾಗಿ ಎರಡನೆಯ ವಾರದ ಹೊತ್ತಿಗೆ ಗಮನಕ್ಕೆ ಬರುತ್ತದೆ. ಕಂತುಗಳು ಸೇರುತ್ತಾ ಹೋದಂತೆ ಅದೂ ಏರುತ್ತದೆ. ಕೊನೆಯ ವಾರದಲ್ಲಿ, ಇಲ್ಲವೇ ಚಿಕಿತ್ಸೆ ಮುಗಿದ ಒಂದೆರಡು ವಾರದಲ್ಲಿ, ತುದಿ ಮುಟ್ಟುತ್ತದೆ. ಮೂರೇ ವಾರದ ಅಥವಾ ಒಂದೇ ವಾರದ ಚಿಕಿತ್ಸೆಯಲ್ಲಿ ಹೆಚ್ಚಿನ ಸುಸ್ತು ಆಸ್ಪತ್ರೆಯ ಓಡಾಟ ನಿಂತ ಮೇಲೆ ಕಾಣಿಸಬಹುದು. ಇದನ್ನು ಮೊದಲೇ ತಿಳಿಸಿರದಿದ್ದರೆ ‘ಚಿಕಿತ್ಸೆ ಮುಗಿದ ಮೇಲೆ ಹೆಚ್ಚಾಯಿತಲ್ಲ, ರೋಗ ಮರಳಿತೇ?’ ಎಂದು ರೋಗಿ ಹೆದರುತ್ತಾರೆ. ಆಮೇಲೆ ವಾರದಿಂದ ವಾರಕ್ಕೆ ಇಳಿಯುತ್ತದೆ. ಇಳಿಕೆ ಒಂದೇ ಸಮನಾಗಿರುವುದಿಲ್ಲ; ನಾಲ್ಕು ಒಳ್ಳೆಯ ದಿನಗಳ ನಡುವೆ ಒಂದು ಕೆಟ್ಟ ದಿನ ಬಂದರೆ ಹಿಂದಕ್ಕೆ ಹೋದಂತಲ್ಲ.

ವಿಕಿರಣಕ್ಕೆ ಮುಂಚೆ ಕೀಮೋಥೆರಪಿ ಪಡೆದವರು ಆಗಲೇ ಬಳಲಿರುತ್ತಾರೆ. ಚಿಕಿತ್ಸೆ ಆರಂಭವಾಗುವ ದಿನವೇ ಎಷ್ಟು ಆಯಾಸವಿತ್ತು ಎಂಬುದು ಮುಂದೆ ಎಷ್ಟಾಗಬಹುದು ಎಂಬುದಕ್ಕೆ ಒಳ್ಳೆಯ ಸುಳಿವು. ನಿದ್ರೆ ಕೆಟ್ಟಿರುವವರು, ಖಿನ್ನತೆ ಇರುವವರು, ದೈಹಿಕ ಚಟುವಟಿಕೆ ಕಡಿಮೆ ಇರುವವರು ಹೆಚ್ಚು ಬಳಲುವ ಸಾಧ್ಯತೆಯಿದೆ.

ಕಾರಣಗಳು

ವಿಕಿರಣದಿಂದ ಗಾಯಗೊಂಡ ಅಂಗಾಂಶಕ್ಕೆ ದೇಹ ಉರಿಯೂತದ ಮೂಲಕ ಪ್ರತಿಕ್ರಿಯಿಸುತ್ತದೆ. ಆಗ ಬಿಡುಗಡೆಯಾಗುವ ಸೈಟೊಕೈನ್ ಎಂಬ ಸಂಕೇತ ಪ್ರೋಟೀನುಗಳು ರಕ್ತದ ಮೂಲಕ ಮಿದುಳಿಗೂ ಸುದ್ದಿ ಮುಟ್ಟಿಸುತ್ತವೆ. ಜ್ವರ ಬಂದಾಗ ಎದ್ದು ಓಡಾಡಲು ಮನಸ್ಸಾಗದಿರುವುದರ ಹಿಂದೆಯೂ ಇಂಥದೇ ಸಂಕೇತಗಳಿವೆ. ಅಮೆರಿಕದ ಸಂಶೋಧಕಿ ಜೂಲಿಯೆನ್ ಬೋವರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಕಿರಣ ಪಡೆಯುತ್ತಿದ್ದ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಉರಿಯೂತದ ಕೆಲವು ಸೂಚಕಗಳು ಏರಿದಂತೆ ಆಯಾಸವೂ ಏರುವುದು ಕಂಡುಬಂತು. ಬೆಳಿಗ್ಗೆ ಹೆಚ್ಚಿದ್ದು ರಾತ್ರಿಗೆ ಇಳಿಯಬೇಕಾದ ಕಾರ್ಟಿಸೋಲ್ ಹಾರ್ಮೋನಿನ ದಿನಚರಿ ಬಳಲಿದವರಲ್ಲಿ ಚಪ್ಪಟೆಯಾಗಿರುವುದನ್ನೂ ಸಂಶೋಧಕರು ಗುರುತಿಸಿದ್ದಾರೆ.

ವಿಕಿರಣವೊಂದೇ ಕಾರಣವಾಗಿರುವುದು ಅಪರೂಪ. ರಕ್ತಹೀನತೆ, ನೋವು, ನಿದ್ರೆಗೇಡು, ಆತಂಕ, ಊಟ ಸೇರದಿರುವುದು, ನೀರು ಕಡಿಮೆ ಕುಡಿಯುವುದು, ದಿನವೂ ಬಸ್ಸಿನಲ್ಲಿ ಓಡಾಡುವುದು ಇವೆಲ್ಲ ಸೇರಿಕೊಳ್ಳುತ್ತವೆ. ಟ್ಯಾಮೊಕ್ಸಿಫೆನ್, ಲೆಟ್ರೊಜೋಲ್‌ನಂಥ ಹಾರ್ಮೋನ್ ಮಾತ್ರೆಗಳಿಂದ ಮೈ ಬಿಸಿಯೇರಿ ಬೆವರುವುದರಿಂದ ರಾತ್ರಿ ನಿದ್ರೆ ತುಂಡಾಗುತ್ತದೆ. ಕೀಮೋಥೆರಪಿಯ ಡಾಕ್ಸೊರುಬಿಸಿನ್, ಕೆಲವರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಹೃದಯವನ್ನು ದುರ್ಬಲಗೊಳಿಸಬಲ್ಲವು. ಕೊರಳಿನ ಬುಡದ ದುಗ್ಧಗ್ರಂಥಿಗಳಿಗೂ ವಿಕಿರಣ ಕೊಟ್ಟಿದ್ದರೆ ಥೈರಾಯ್ಡ್ ಗ್ರಂಥಿಯ ಕೆಲಸ ಮುಂದೆ ಕುಗ್ಗಬಹುದು.

ಭಾರತದ ಮಟ್ಟಿಗೆ ರಕ್ತಹೀನತೆಯನ್ನು ಮೊದಲು ಹುಡುಕಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ, ಕರ್ನಾಟಕದಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆಯಿತ್ತು. ಅಂದರೆ ಕ್ಯಾನ್ಸರ್ ಬರುವ ಮೊದಲೇ ಅರ್ಧದಷ್ಟು ಹೆಂಗಸರು ರಕ್ತಹೀನತೆಯಲ್ಲೇ ಬದುಕು ಸಾಗಿಸುತ್ತಿರುತ್ತಾರೆ. ಚಿಕಿತ್ಸೆಯ ಹೊರೆ ಬೀಳುವುದು ಅದರ ಮೇಲೆ.

ಅಳತೆ

ಆಯಾಸವನ್ನು ರಕ್ತಪರೀಕ್ಷೆಯಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಕಾಣಲಾಗದು. ಅನುಭವಿಸುವವರ ಮಾತೇ ಇಲ್ಲಿ ಪ್ರಮಾಣ. ಸರಳ ವಿಧಾನವೆಂದರೆ ಸೊನ್ನೆಯಿಂದ ಹತ್ತರವರೆಗಿನ ಅಂಕ. ಸುಸ್ತೇ ಇಲ್ಲದಿದ್ದರೆ ಸೊನ್ನೆ, ಊಹಿಸಲಾಗದಷ್ಟು ಇದ್ದರೆ ಹತ್ತು. 1ರಿಂದ 3 ಸೌಮ್ಯ, 4ರಿಂದ 6 ಮಧ್ಯಮ, 7ರಿಂದ 10 ತೀವ್ರ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಕಾರಣಗಳನ್ನು ಹುಡುಕಿ ನೋಡಬೇಕು. ಸಂಶೋಧನೆಗಳಲ್ಲಿ ಬಳಸುವ ದೊಡ್ಡ ಪ್ರಶ್ನಾವಳಿಗಳೂ ಇವೆ. ದಿನನಿತ್ಯಕ್ಕೆ ಈ ಅಂಕವೇ ಸಾಕು.

ಮನೆಯಲ್ಲಿ ಸಣ್ಣ ನೋಟ್‌ಬುಕ್ಕೊಂದರಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಅಂಕವನ್ನೂ ಅಂದು ಮಾಡಿದ ಕೆಲಸ, ಮಲಗಿದ ಹೊತ್ತು, ಉಂಡದ್ದನ್ನೂ ಬರೆದಿಟ್ಟರೆ ಒಂದೇ ವಾರದಲ್ಲಿ ಒಂದು ಚಿತ್ರ ಮೂಡುತ್ತದೆ. ಬೆಳಿಗ್ಗೆ ಹತ್ತರವರೆಗೆ ಅಂಕ ಮೂರು, ಆಸ್ಪತ್ರೆಯಿಂದ ಬಂದ ಮೇಲೆ ಏಳು, ಸಂಜೆ ನಡೆದು ಬಂದ ದಿನ ಐದು, ನಡೆಯದ ದಿನ ಏಳೇ ಎಂದು ಕಂಡರೆ ಯಾವ ಕೆಲಸವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಾನಾಗಿ ಗೊತ್ತಾಗುತ್ತದೆ. ಓದುಬರಹ ಬಾರದವರಿಗೆ ಮನೆಯ ಮಕ್ಕಳು ಬರೆದುಕೊಡಬಹುದು. ವಾರಕ್ಕೊಮ್ಮೆ ವೈದ್ಯರು ನೋಡುವ ದಿನ ಆ ಪುಟವನ್ನು ತೋರಿಸಬೇಕು. ‘ಸ್ವಲ್ಪ ಸುಸ್ತು ಡಾಕ್ಟ್ರೇ’ ಎಂಬ ಮಾತಿಗಿಂತ ‘ಹೋದ ವಾರ ನಾಲ್ಕಿತ್ತು, ಈ ವಾರ ಏಳು’ ಎಂಬ ಮಾತಿಗೆ ತೂಕ ಹೆಚ್ಚು.

ನಿರ್ವಹಣೆ

*ಜೊತೆಗಿರುವ ಕಾರಣಗಳಿಗೆ ಚಿಕಿತ್ಸೆ.* ಮೊದಲ ಹೆಜ್ಜೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪ್ರಮಾಣಗಳ ಪರೀಕ್ಷೆ. ಅಗತ್ಯವಿದ್ದರೆ ಹೃದಯದ ಎಕೋ. ಬಸುರಿಯಲ್ಲದ ಮಹಿಳೆಯಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಕಬ್ಬಿಣದ ಕೊರತೆಯೋ ಬಿ12 ಕೊರತೆಯೋ ಎಂದು ನೋಡಿ ಅದಕ್ಕೆ ತಕ್ಕ ಔಷಧಿ ಕೊಡುತ್ತಾರೆ. ನೋವು, ಖಿನ್ನತೆ, ನಿದ್ರೆಗೇಡುಗಳಿಗೂ ಪ್ರತ್ಯೇಕ ಗಮನ ಬೇಕು. ಬೇರೆ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳಲ್ಲಿ ಮಂಪರು ತರುವಂಥವು ಇವೆಯೇ ಎಂದೂ ನೋಡಬೇಕು.

*ನಡಿಗೆ ಮತ್ತು ವ್ಯಾಯಾಮ.* ಸುಸ್ತಾದವರು ಮಲಗಬೇಕು ಎಂಬುದು ನಮ್ಮ ಮನೆಗಳ ಮೊದಲ ಸಲಹೆ. ವಿಕಿರಣದ ಆಯಾಸಕ್ಕೆ ಅದು ಹೊಂದುವುದಿಲ್ಲ. ದಿನವಿಡೀ ಮಲಗಿದರೆ ಸ್ನಾಯುಗಳು ಸೊರಗಿ, ಸಣ್ಣ ಕೆಲಸಕ್ಕೂ ಹೆಚ್ಚು ಶ್ರಮ ಬೇಕಾಗಿ, ಸುಸ್ತು ಇನ್ನಷ್ಟು ಬೆಳೆಯುತ್ತದೆ. ಅಮೆರಿಕದ ನರ್ಸಿಂಗ್ ಸಂಶೋಧಕಿ ವಿಕ್ಟೋರಿಯಾ ಮಾಕ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಮೊದಮೊದಲು ತೋರಿಸಿದವುಗಳಲ್ಲಿ ಒಂದು. ಸ್ತನ ಕ್ಯಾನ್ಸರ್‌ಗೆ ವಿಕಿರಣ ಪಡೆಯುತ್ತಿದ್ದ 46 ಮಹಿಳೆಯರಲ್ಲಿ ಒಂದು ಗುಂಪು ತಮ್ಮ ಶಕ್ತಿಗೆ ತಕ್ಕ ವೇಗದಲ್ಲಿ ಮನೆಯ ಸುತ್ತಮುತ್ತ ನಡೆಯಿತು. ನಡೆದವರಲ್ಲಿ ಆಯಾಸ, ಆತಂಕ, ನಿದ್ರೆಯ ತೊಂದರೆ ಕಡಿಮೆಯಿದ್ದವು. 2014ರಲ್ಲಿ ಪ್ರಕಟವಾದ ಜರ್ಮನಿಯ ಹೈಡೆಲ್‌ಬರ್ಗ್‌ನ ಅಧ್ಯಯನದಲ್ಲಿ, ವಿಕಿರಣ ಪಡೆಯುತ್ತಿದ್ದ 160 ಮಹಿಳೆಯರಲ್ಲಿ ಅರ್ಧದಷ್ಟು ಮಂದಿ 12 ವಾರ ಭಾರ ಎತ್ತುವ ವ್ಯಾಯಾಮ ಮಾಡಿದರು. ಉಳಿದವರು ಸ್ನಾಯು ಸಡಿಲಿಸುವ ಅಭ್ಯಾಸ ಮಾಡಿದರು. ಆಯಾಸ ತಗ್ಗಿಸುವುದರಲ್ಲಿ ಭಾರದ ವ್ಯಾಯಾಮ ಮುಂದಿತ್ತು. 2017ರಲ್ಲಿ ಪ್ರಕಟವಾದ, 113 ಅಧ್ಯಯನಗಳ 11 ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ ವಿಶ್ಲೇಷಣೆ, ಕ್ಯಾನ್ಸರ್ ಆಯಾಸಕ್ಕೆ ಔಷಧಿಗಿಂತ ವ್ಯಾಯಾಮ ಮತ್ತು ಮಾನಸಿಕ ಚಿಕಿತ್ಸೆಗಳೇ ಮೇಲೆಂದು ಹೇಳಿತು.

ತಜ್ಞರ ಸಾಮಾನ್ಯ ಸಲಹೆ ವಾರಕ್ಕೆ ಕನಿಷ್ಠ ಮೂರು ದಿನ, ದಿನಕ್ಕೆ 30 ನಿಮಿಷ, ಮಾತಾಡಲು ಆಗುವ ಆದರೆ ಹಾಡಲು ಆಗದ ವೇಗದ ನಡಿಗೆ. ಅದರ ಜೊತೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಇದು ಮುಟ್ಟಬೇಕಾದ ಗುರಿ, ಮೊದಲ ದಿನದ ಲೆಕ್ಕವಲ್ಲ. ಅಭ್ಯಾಸವಿಲ್ಲದವರು ಐದು ನಿಮಿಷದಿಂದ ಶುರುಮಾಡಿ ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಹೆಚ್ಚಿಸಿಕೊಳ್ಳಬಹುದು. ಹತ್ತು ಹತ್ತು ನಿಮಿಷದಂತೆ ಮೂರು ಸಲ ನಡೆದರೂ ಆಯಿತು. ಬೆಳಿಗ್ಗೆ ಅಥವಾ ಸಂಜೆಯ ತಂಪು ಹೊತ್ತು ಒಳ್ಳೆಯದು. ಚಿಕಿತ್ಸೆಯ ಜಾಗಕ್ಕೆ ನೇರ ಬಿಸಿಲು ಬೀಳಬಾರದು. ಕಂಕುಳಿನ ಗ್ರಂಥಿಗಳನ್ನು ತೆಗೆದವರು ತೋಳು ಊದಿಕೊಳ್ಳುತ್ತದೆಂದು ಕೈ ಆಡಿಸುವುದನ್ನೇ ಬಿಡುತ್ತಾರೆ. ಹಗುರ ಭಾರದಿಂದ ಆರಂಭಿಸಿ ನಿಧಾನವಾಗಿ ಏರಿಸಿದರೆ ಊತ ಹೆಚ್ಚುವುದಿಲ್ಲವೆಂದು ಅಮೆರಿಕದ ಅಧ್ಯಯನವೊಂದು 2009ರಲ್ಲಿ ತೋರಿಸಿದೆ. ಫಿಸಿಯೋಥೆರಪಿಸ್ಟರಿಂದ ಕಲಿತು ಮಾಡುವುದು ಸರಿಯಾದ ದಾರಿ. ಜ್ವರ, ಎದೆನೋವು, ತೀವ್ರ ರಕ್ತಹೀನತೆ, ಮೂಳೆಗೆ ಹರಡಿದ ಕ್ಯಾನ್ಸರ್ ಇರುವವರು ವೈದ್ಯರನ್ನು ಕೇಳದೆ ವ್ಯಾಯಾಮ ಆರಂಭಿಸಬಾರದು.

*ಯೋಗ.* ಈ ಕ್ಷೇತ್ರದಲ್ಲಿ ಬೆಂಗಳೂರಿನ ಕೊಡುಗೆ ದೊಡ್ಡದು. ಜಿಗಣಿ ಬಳಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಎಚ್.ಆರ್. ನಾಗೇಂದ್ರ, ಆರ್. ನಾಗರತ್ನ ಅವರೂ ಎಚ್.ಎಸ್. ವಾದಿರಾಜ, ಎಂ. ರಾಘವೇಂದ್ರ ರಾವ್ ಅವರೂ ಇದ್ದ ತಂಡ, ವಿಕಿರಣ ಪಡೆಯುತ್ತಿದ್ದ ಸ್ತನ ಕ್ಯಾನ್ಸರ್‌ನ 88 ಮಹಿಳೆಯರ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶಗಳು 2009ರಲ್ಲಿ ಪ್ರಕಟವಾದವು. ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಆಪ್ತಸಮಾಲೋಚನೆ ದೊರೆಯಿತು. ಯೋಗ ಮಾಡಿದವರಲ್ಲಿ ಆಯಾಸ, ನಿದ್ರಾಹೀನತೆ, ಹಸಿವು ಕುಂದುವುದು, ಆತಂಕ ಕಡಿಮೆಯಾದವು. ಬೆಳಗಿನ ಕಾರ್ಟಿಸೋಲ್ ಮಟ್ಟವೂ ಇಳಿದಿತ್ತು.

ಇದೇ ಸಂಸ್ಥೆಯ ಸಹಯೋಗದಲ್ಲಿ ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ 191 ಮಹಿಳೆಯರನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2014ರಲ್ಲಿ ಹೊರಬಂತು. ಒಂದು ಗುಂಪು ಆರು ವಾರ, ವಾರಕ್ಕೆ ಮೂರು ದಿನ ಯೋಗ ಮಾಡಿತು. ಇನ್ನೊಂದು ಮೈ ಚಾಚುವ ಸರಳ ವ್ಯಾಯಾಮ ಮಾಡಿತು. ಮೂರನೆಯದು ಎಂದಿನ ಆರೈಕೆಯಲ್ಲೇ ಇತ್ತು. ಯೋಗ ಮತ್ತು ಮೈ ಚಾಚುವ ವ್ಯಾಯಾಮ ಎರಡೂ ಆಯಾಸವನ್ನು ಇಳಿಸಿದವು. ದಿನದ ಕೆಲಸ ಮಾಡುವ ಶಕ್ತಿ ಹೆಚ್ಚಿದ್ದು, ಕಾರ್ಟಿಸೋಲಿನ ಇಳಿಜಾರು ಸುಧಾರಿಸಿದ್ದು ಯೋಗದ ಗುಂಪಿನಲ್ಲಿ ಎದ್ದು ಕಂಡಿತು. ಈ ಅಧ್ಯಯನಗಳಲ್ಲಿ ಬಳಸಿದ್ದು ಕಠಿಣ ಆಸನಗಳಲ್ಲ. ಉಸಿರಿನೊಂದಿಗೆ ಮೈ ಸಡಿಲಿಸುವ ಚಲನೆಗಳು, ಕೆಲವು ಸುಲಭ ಆಸನಗಳು, ಪ್ರಾಣಾಯಾಮ, ಧ್ಯಾನ ಮತ್ತು ಮಲಗಿ ಮಾಡುವ ಆಳ ವಿಶ್ರಾಂತಿ ಅವುಗಳಲ್ಲಿದ್ದವು. ಶಸ್ತ್ರಚಿಕಿತ್ಸೆಯಾದ ಭುಜವನ್ನು ಎಳೆಯುವ ಭಂಗಿಗಳನ್ನು ಕ್ಯಾನ್ಸರ್ ರೋಗಿಗಳಿಗೆ ಕಲಿಸಿದ ಅನುಭವವಿರುವ ಶಿಕ್ಷಕರ ಎದುರಲ್ಲೇ ಮಾಡಬೇಕು.

*ಶಕ್ತಿಯ ಲೆಕ್ಕಾಚಾರ.* ದಿನಕ್ಕೊಂದೇ ಹೊತ್ತು ನಲ್ಲಿಯಲ್ಲಿ ನೀರು ಬರುವ ಮನೆಯಲ್ಲಿ ಯಾವುದಕ್ಕೆ ಎಷ್ಟು ಬಿಂದಿಗೆ ಎಂದು ಮೊದಲೇ ಗೊತ್ತು ಮಾಡುವಂತೆ, ಇರುವ ಶಕ್ತಿಯನ್ನೂ ಹಂಚಿಕೊಳ್ಳಬೇಕು. ತಾನೇ ಮಾಡಬೇಕಾದದ್ದು, ಬೇರೆಯವರು ಮಾಡಬಹುದಾದದ್ದು, ಸದ್ಯ ಬಿಟ್ಟರೂ ನಡೆಯುವುದು ಎಂದು ಕೆಲಸಗಳನ್ನು ಮೂರು ಪಾಲು ಮಾಡುವುದು ಮೊದಲ ಹಂತ. ಅಂಕ ಕಡಿಮೆಯಿರುವ ಹೊತ್ತಿಗೆ ಮುಖ್ಯ ಕೆಲಸವನ್ನು ಇಟ್ಟುಕೊಳ್ಳುವುದು, ಪೂರ್ತಿ ಬಳಲುವ ಮೊದಲೇ ನಡುನಡುವೆ ಕೂರುವುದು ಎರಡನೆಯದು. ತರಕಾರಿ ಹೆಚ್ಚುವುದು, ಸೊಪ್ಪು ಬಿಡಿಸುವುದು, ಸ್ನಾನ ಮಾಡುವುದು ಇವನ್ನೆಲ್ಲ ಕುಳಿತು ಮಾಡಬಹುದು. ದಿನವೂ ಬಳಸುವ ಡಬ್ಬಿಗಳನ್ನು ಕೈಗೆಟಕುವ ಎತ್ತರಕ್ಕೆ ಇಳಿಸಬಹುದು. ದೋಸೆಹಿಟ್ಟು ಅಂಗಡಿಯಿಂದ ತಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಒಳ್ಳೆಯ ದಿನ ಬಂತೆಂದು ಬಾಕಿ ಕೆಲಸವನ್ನೆಲ್ಲ ಒಂದೇ ಸಲ ಎಳೆದುಹಾಕಿಕೊಂಡು ಮರುದಿನ ಏಳಲಾಗದೆ ಮಲಗುವುದು ಬಹಳ ಮಂದಿಯ ಅನುಭವ. ಒಳ್ಳೆಯ ದಿನವೂ ಕೆಟ್ಟ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಕೆಲಸವಿದ್ದರೆ ಈ ಏರುಪೇರು ತಪ್ಪುತ್ತದೆ.

*ನಿದ್ರೆ.* ಹಗಲು ನಿದ್ರೆ ಅರ್ಧ ಗಂಟೆ ಮೀರದಿರಲಿ, ಮಧ್ಯಾಹ್ನ ಮೂರರ ಒಳಗೆ ಮುಗಿಯಲಿ. ರಾತ್ರಿ ಮಲಗುವ, ಬೆಳಿಗ್ಗೆ ಏಳುವ ಹೊತ್ತು ದಿನವೂ ಒಂದೇ ಆಗಿರುವುದು ಮುಖ್ಯ. ಸಂಜೆಯ ನಂತರ ಕಾಫಿ, ಚಹಾ ಬೇಡ. ಹಾಸಿಗೆಯಲ್ಲಿ ಮೊಬೈಲ್ ನೋಡುವುದನ್ನು ಬಿಡಬೇಕು. ಬೆಳಿಗ್ಗೆ ಎದ್ದೊಡನೆ ಹೊರಗಿನ ಬೆಳಕಿಗೆ ಬಂದು ಕೂರುವುದು ದೇಹದ ಗಡಿಯಾರವನ್ನು ಸರಿಪಡಿಸಲು ನೆರವಾಗುತ್ತದೆ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ನಿದ್ರೆಯ ಅಭ್ಯಾಸಗಳನ್ನು ತಿದ್ದುವ ವರ್ತನಾ ಚಿಕಿತ್ಸೆ ನಿದ್ರೆಮಾತ್ರೆಗಿಂತ ಮೇಲು.

*ಆಹಾರ.* ವಿಕಿರಣದ ಸಮಯದಲ್ಲಿ ಪಥ್ಯವೆಂದು ಊಟ ಕಡಿಮೆ ಮಾಡುವುದು ತಪ್ಪು. ಕ್ಯಾನ್ಸರ್ ರೋಗಿಗಳಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ಪೋಷಣಾ ತಜ್ಞರ ಸಲಹೆ. 55 ಕಿಲೋ ತೂಕದವರಿಗೆ 55 ಗ್ರಾಂಗಿಂತ ಕಡಿಮೆಯಾಗಬಾರದು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ಈ ಲೆಕ್ಕ ಬೇರೆ. ಬೇಳೆ, ಮೊಳಕೆಕಾಳಿನ ಉಸಲಿ, ಮೊಸರು, ಮೊಟ್ಟೆ, ಮೀನು, ಶೇಂಗಾ ಇವೆಲ್ಲ ಕೈಗೆಟಕುವ ಮೂಲಗಳು. ಮುದ್ದೆಯ ಜೊತೆ ಬಸ್ಸಾರು, ರೊಟ್ಟಿಯ ಜೊತೆ ಕಾಳಿನ ಪಲ್ಯ ಒಳ್ಳೆಯ ಊಟವೇ. ಹಸಿವು ಕಡಿಮೆಯಿದ್ದರೆ ಮೂರು ದೊಡ್ಡ ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಬಹುದು. ಸೊಪ್ಪು, ಕಾಳು ಉಣ್ಣುವಾಗ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣದಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ನೀರು, ಮಜ್ಜಿಗೆ, ಅಂಬಲಿ ದಿನವಿಡೀ ಹೊಟ್ಟೆಗೆ ಹೋಗುತ್ತಿರಬೇಕು.

*ಮನಸ್ಸಿನ ಆರೈಕೆ.* ಆಯಾಸ ಮತ್ತು ಖಿನ್ನತೆ ಒಂದನ್ನೊಂದು ಹೋಲುತ್ತವೆ, ಒಂದನ್ನೊಂದು ಬೆಳೆಸುತ್ತವೆ. ಎರಡೂ ಒಂದೇ ಅಲ್ಲ. ಬರೀ ಆಯಾಸವಿದ್ದವರಿಗೆ ಮಾಡುವ ಆಸೆ ಇರುತ್ತದೆ, ಶಕ್ತಿ ಇರುವುದಿಲ್ಲ. ಖಿನ್ನತೆಯಲ್ಲಿ ಆಸೆಯೇ ಬತ್ತಿರುತ್ತದೆ. ಆಪ್ತಸಮಾಲೋಚನೆ, ಯೋಚನೆಯ ಜಾಡನ್ನು ತಿದ್ದುವ ಅರಿವಿನ ವರ್ತನಾ ಚಿಕಿತ್ಸೆ, ಇದೇ ಹಾದಿಯಲ್ಲಿ ನಡೆದು ಬಂದವರ ಜೊತೆಗಿನ ಮಾತು ಇವು ಆಯಾಸವನ್ನೂ ತಗ್ಗಿಸುತ್ತವೆ.

*ಔಷಧಿಗಳು.* ಈ ಆಯಾಸಕ್ಕೆಂದೇ ಎಲ್ಲರಿಗೂ ಕೊಡಬಹುದಾದ ಮಾತ್ರೆಯಿಲ್ಲ. ಮೀಥೈಲ್‌ಫೆನಿಡೇಟ್‌ನಂಥ ಚುರುಕುಕಾರಕಗಳ ಫಲಿತಾಂಶ ಮಿಶ್ರವಾಗಿದೆ. ಟಾನಿಕ್, ಹೆಚ್ಚಿನ ಪ್ರಮಾಣದ ಆಂಟಿಆಕ್ಸಿಡೆಂಟ್ ಮಾತ್ರೆ, ಅಶ್ವಗಂಧದಂಥ ಗಿಡಮೂಲಿಕೆಗಳನ್ನು ಚಿಕಿತ್ಸೆ ನಡೆಯುವಾಗ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಕೆಲವು ವಿಕಿರಣದ ಕೆಲಸಕ್ಕೆ, ಕೆಲವು ಥೈರಾಯ್ಡಿಗೆ ಅಡ್ಡಿಯಾಗಬಲ್ಲವು.

ಕುಟುಂಬದ ಪಾಲು

ಸ್ತನ ಕ್ಯಾನ್ಸರ್ ಭಾರತದಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲಿ ಕಾಣಿಸುತ್ತದೆ. ಹಾಗಾಗಿ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು, ವಯಸ್ಸಾದ ಅತ್ತೆಮಾವ ಇರುವ ಕಾಲದಲ್ಲೇ ಅನೇಕರಿಗೆ ಚಿಕಿತ್ಸೆ ನಡೆಯುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಡಬ್ಬಿ ಮುಗಿಸಿ, ಬಸ್ ಹಿಡಿದು ಆಸ್ಪತ್ರೆಗೆ ಹೋಗಿ, ಮರಳಿ ಬಂದು ರಾತ್ರಿಯ ಅಡುಗೆಗೆ ನಿಲ್ಲುವ ಹೆಂಗಸಿಗೆ ‘ವಿಶ್ರಾಂತಿ ತಗೊಳ್ಳಿ’ ಎಂದು ಹೇಳಿ ಪ್ರಯೋಜನವಿಲ್ಲ. ಹೇಳಬೇಕಾದದ್ದು ಮನೆಯವರಿಗೆ. ‘ಏನಾದರೂ ಬೇಕಿದ್ದರೆ ಹೇಳು’ ಎನ್ನುವುದಕ್ಕಿಂತ ‘ಈ ತಿಂಗಳು ಬೆಳಗಿನ ತಿಂಡಿ ನನ್ನದು’ ಎಂದು ಗಂಡನೋ ಮಗನೋ ಒಂದು ಕೆಲಸವನ್ನು ಹೊತ್ತುಕೊಂಡರೆ ಅದು ನಿಜವಾದ ನೆರವು. ನೀರು ತುಂಬುವುದು, ಸಿಲಿಂಡರ್ ಎತ್ತುವುದು, ಒದ್ದೆ ಬಟ್ಟೆ ಹಿಂಡುವುದು ಪೂರ್ತಿಯಾಗಿ ಬೇರೆಯವರ ಪಾಲಿಗೆ ಹೋಗಬೇಕು. ಸಂಜೆಯ ನಡಿಗೆಗೆ ಜೊತೆಗೊಬ್ಬರಿದ್ದರೆ ಅದು ತಪ್ಪುವುದಿಲ್ಲ.

ವಿಕಿರಣ ಪಡೆದವರನ್ನು ಮುಟ್ಟಿದರೆ ಮಕ್ಕಳಿಗೆ ತೊಂದರೆ ಎಂಬ ಭಯ ಕೆಲವು ಮನೆಗಳಲ್ಲಿದೆ. ಹೊರಗಿನ ಯಂತ್ರದಿಂದ ಕೊಡುವ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಯಂತ್ರ ನಿಂತ ಕ್ಷಣ ಅದೂ ನಿಂತಿತು. ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ಹಾಸಿಗೆಯಲ್ಲಿ ಮಲಗಬಹುದು, ಬೇರೆ ತಟ್ಟೆ ಲೋಟ ಬೇಕಿಲ್ಲ. ಆಯಾಸಕ್ಕೆ ಒಂಟಿತನವನ್ನೂ ಸೇರಿಸುವ ಈ ತಪ್ಪು ನಂಬಿಕೆ ಹೋಗಲೇಬೇಕು.

ಕರ್ನಾಟಕದಲ್ಲಿ ದೂರದ ಸಮಸ್ಯೆ

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಕೆಲಸ ಮಾಡುತ್ತಿದೆ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಮಣಿಪಾಲ, ಕಲಬುರಗಿಯಂಥ ಊರುಗಳಲ್ಲೂ ವಿಕಿರಣ ಚಿಕಿತ್ಸೆ ಲಭ್ಯವಿದೆ. ಆದರೂ ಬಹಳಷ್ಟು ತಾಲ್ಲೂಕುಗಳಿಂದ ದಿನವೂ ಹೋಗಿಬರುವುದು ಸಾಧ್ಯವಿಲ್ಲ. ರೋಗಿಗಳು ವಾರಗಟ್ಟಲೆ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಉಳಿಯುತ್ತಾರೆ. ಮನೆ, ಮಕ್ಕಳು, ದನಕರುಗಳ ಚಿಂತೆ ಒಂದೆಡೆ. ಕೂಲಿ ತಪ್ಪಿದ ನಷ್ಟ ಇನ್ನೊಂದೆಡೆ. ತಮಗೆ ಮೂರು ವಾರದ ಕ್ರಮ ಹೊಂದುತ್ತದೆಯೇ, ದಿನವೂ ಒಂದೇ ಹೊತ್ತಿಗೆ ಸರದಿ ಸಿಗಬಹುದೇ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಸಿಗುತ್ತದೆಯೇ ಎಂದು ಆರಂಭದಲ್ಲೇ ಕೇಳಬೇಕು. ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಕಾಯುವ ಹೊತ್ತಿಗೆ ಬುತ್ತಿ, ನೀರಿನ ಬಾಟಲಿ, ಒರಗಿ ಕೂರಲು ಸಣ್ಣ ದಿಂಬು ಜೊತೆಗಿದ್ದರೆ ದಿನದ ಬಳಲಿಕೆ ಸ್ವಲ್ಪವಾದರೂ ತಗ್ಗುತ್ತದೆ.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

- ಸುಸ್ತಿನ ಜೊತೆ ಏದುಸಿರು, ಎದೆನೋವು, ಎದೆಬಡಿತದ ಏರುಪೇರು
- 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ
- ತಲೆಸುತ್ತಿ ಬೀಳುವುದು, ಗೊಂದಲ, ಗುರುತು ಹತ್ತದಿರುವುದು
- ಒಂದು ಕಾಲು ಇದ್ದಕ್ಕಿದ್ದಂತೆ ಊದಿ ನೋಯುವುದು
- ದಿನವಿಡೀ ಹಾಸಿಗೆ ಬಿಟ್ಟು ಏಳಲಾಗದಿರುವುದು, ಊಟ ನೀರು ಸೇರದಿರುವುದು
- ಬದುಕುವುದೇ ಬೇಡವೆಂಬ ಯೋಚನೆ
- ಚಿಕಿತ್ಸೆ ಮುಗಿದ ತಿಂಗಳುಗಳ ನಂತರ ಹೊಸದಾಗಿ ಬಂದ ಒಣಕೆಮ್ಮು ಮತ್ತು ಉಸಿರಾಟದ ತೊಂದರೆ. ಇದು ವಿಕಿರಣದಿಂದ ಶ್ವಾಸಕೋಶಕ್ಕೆ ಆದ ಉರಿಯೂತವಿರಬಹುದು

ಚಿಕಿತ್ಸೆಯ ನಂತರ

ಕೊನೆಯ ಕಂತಿನ ಮರುದಿನವೇ ಹಳೆಯ ದಿನಚರಿಗೆ ಮರಳಬೇಕೆಂಬ ನಿರೀಕ್ಷೆ ಸರಿಯಲ್ಲ. ಕೆಲಸಕ್ಕೆ ಹೋಗುವವರು ಮೊದಲ ಕೆಲವು ವಾರ ಅರ್ಧ ದಿನ ಅಥವಾ ಹಗುರ ಕೆಲಸ ಕೇಳಿಕೊಳ್ಳಬಹುದು. ನಡಿಗೆಯನ್ನು ನಿಲ್ಲಿಸದೆ, ಅಂಕ ಇಳಿದಂತೆ ಹೆಚ್ಚಿಸಬೇಕು. ಸ್ತನ ಕ್ಯಾನ್ಸರ್‌ನಿಂದ ಗುಣವಾದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಂದಿಗೆ ರೋಗ ಪತ್ತೆಯಾದ ಒಂದರಿಂದ ಐದು ವರ್ಷಗಳ ನಂತರವೂ ಸಾಕಷ್ಟು ಆಯಾಸವಿರುವುದನ್ನು 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಗುರುತಿಸಿತು. ಖಿನ್ನತೆ ಮತ್ತು ನೋವು ಇದರ ಜೊತೆಗೆ ಬಿಗಿಯಾಗಿ ಹೆಣೆದುಕೊಂಡಿದ್ದವು. ಮೂರು ತಿಂಗಳಾದರೂ ಅಂಕ ನಾಲ್ಕಕ್ಕಿಂತ ಕೆಳಗೆ ಇಳಿಯದಿದ್ದರೆ ರಕ್ತ, ಥೈರಾಯ್ಡ್, ಹೃದಯ, ನಿದ್ರೆ, ಮನಸ್ಥಿತಿ ಎಲ್ಲವನ್ನೂ ಮತ್ತೆ ಪರಿಶೀಲಿಸಬೇಕು.

ಇಷ್ಟೆಲ್ಲ ತಿಳಿವಳಿಕೆ ಇದ್ದೂ ಆಯಾಸ ಉಪೇಕ್ಷೆಗೊಳಗಾಗುವುದು ಯಾರೂ ಕೇಳದಿರುವುದರಿಂದ, ಕೇಳದೆ ಹೇಳಲು ರೋಗಿ ಹಿಂಜರಿಯುವುದರಿಂದ. ಪ್ರತಿ ವಾರ ತೂಕ, ಚರ್ಮ, ರಕ್ತದ ಎಣಿಕೆಗಳ ಜೊತೆ ಆಯಾಸದ ಅಂಕವನ್ನೂ ಕೇಸ್‌ಶೀಟಿನಲ್ಲಿ ಬರೆಯಲು ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ. ಒಂದು ಪ್ರಶ್ನೆ, ಅರ್ಧ ನಿಮಿಷ ಸಾಕು. ವೈದ್ಯರು ಕೇಳಬೇಕು, ಕೇಳದಿದ್ದರೆ ರೋಗಿಯೇ ಹೇಳಬೇಕು.